ಸಾರರಿಕ್ತ ದ್ರಾವಣದಲ್ಲಿ ಪಾಲಿಮರ್ ಅಣುತೂಕ ಅಳೆಯುವುದು ಹೇಗೆ: ಸ್ನಿಗ್ಧತಾ ವಿಧಾನದ ಸಮಗ್ರ ಮಾರ್ಗದರ್ಶಿ

ಒಂದೇ ಸೀಸೆಯ ಪಾಲಿಸ್ಟೈರೀನ್ ಎಂಬ ಪಾಲಿಮರ್‌ನ ಅಣುತೂಕವನ್ನು ಇಬ್ಬರು ಅಳೆಯುತ್ತಾರೆ. ಪಾಲಿಮರ್ ಕರಗಿದ ದ್ರಾವಣವೂ ಬರಿಯ ದ್ರಾವಕವೂ ಸಣ್ಣ ನಾಳದಲ್ಲಿ ಹರಿಯಲು ಹಿಡಿಯುವ ಕಾಲವನ್ನು ಹೋಲಿಸಿ, ದ್ರಾವಣ ಎಷ್ಟು ಮಂದವಾಗಿದೆ (ಸ್ನಿಗ್ಧತೆ) ಎಂಬುದರಿಂದ ಅಣುತೂಕ ಕಂಡುಕೊಳ್ಳುವುದೇ ಈ ವಿಧಾನ. ಒಬ್ಬರಿಗೆ 1.8 ಲಕ್ಷ ಬರುತ್ತದೆ, ಇನ್ನೊಬ್ಬರಿಗೆ 2.3 ಲಕ್ಷ. ಇಬ್ಬರ ಗ್ರಾಫೂ ನೇರವಾಗಿದೆ, ಇಬ್ಬರ ಲೆಕ್ಕವೂ ಸರಿಯಾಗಿದೆ. ಆಗ ಎಲ್ಲರೂ ಸೂತ್ರದ ಮೇಲೆ ಅನುಮಾನ ಪಡುತ್ತಾರೆ. ಇಂತಹ ಪ್ರಯೋಗ ಪುಸ್ತಕಗಳನ್ನು ನಾನು ಬಹಳಷ್ಟು ತಿರುವಿ ಹಾಕಿದ್ದೇನೆ. ತಪ್ಪು ಸೂತ್ರದಲ್ಲಿ ಸಿಕ್ಕಿದ್ದು ಅಪರೂಪ. ಅದು ಎರಡು ಕಡೆ ಅಡಗಿರುತ್ತದೆ: ದ್ರಾವಣದ ನಿಜವಾದ ಸಾರತೆಯಲ್ಲಿ (ಒಂದು ಮಿ.ಲೀ.ನಲ್ಲಿ ಎಷ್ಟು ಗ್ರಾಂ ಪಾಲಿಮರ್ ಇದೆ ಎಂಬುದರಲ್ಲಿ), ಇಲ್ಲವೇ ಬರಿಯ ದ್ರಾವಕ ಹರಿಯಲು ತೆಗೆದುಕೊಂಡ ಕಾಲದಲ್ಲಿ. ಈ ಎರಡು ತಪ್ಪುಗಳನ್ನು ಗ್ರಾಫ್ ತೋರಿಸಿಕೊಡುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಲೆಕ್ಕಕ್ಕಿಂತ ಲೆಕ್ಕದ ಮುಂಚಿನ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಅಡ್ಡಕವಲುಗಳಿಲ್ಲದ, ಚೆನ್ನಾಗಿ ಕರಗುವ, ಸುಮಾರು ಹತ್ತು ಸಾವಿರದಿಂದ ಹತ್ತು ಲಕ್ಷದ ನಡುವಿನ ಅಣುತೂಕದ ಪಾಲಿಮರ್‌ಗಳಿಗೆ ಈ ವಿಧಾನ ಒಗ್ಗುತ್ತದೆ. ಸರಪಳಿಗಳು ಒಂದಕ್ಕೊಂದು ಬೆಸೆದುಕೊಂಡ ಪಾಲಿಮರ್ ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ಅದನ್ನು ಈ ದಾರಿಗೆ ತರಲೇಬೇಡಿ.

## ಬೇಕಾಗುವ ಸಲಕರಣೆಗಳು

- ಉಬ್ಬೆಲೋಡೆ ವಿಸ್ಕೋಮೀಟರ್ (ಹರಿವಿನ ಕಾಲ ಅಳೆಯುವ ಗಾಜಿನ ಕೊಳವೆ), ಒಳಗೇ ದುರ್ಬಲಗೊಳಿಸಲು ಬರುವಂತಹ ದೊಡ್ಡ ತಳಬುಡ್ಡೆ ಇರುವಂಥದ್ದು
- ಪಾರದರ್ಶಕ ಗೋಡೆಯ ಸ್ಥಿರತಾಪ ತೊಟ್ಟಿ ಮತ್ತು 0.1 ಡಿಗ್ರಿಗಿಂತ ಸೂಕ್ಷ್ಮವಾಗಿ ಓದಬಲ್ಲ ಉಷ್ಣಮಾಪಕ
- 0.1 ಮಿಲಿಗ್ರಾಂವರೆಗೆ ತೂಗುವ ತಕ್ಕಡಿ
- 50 ಮಿ.ಲೀ. ಅಳತೆಯ ಫ್ಲಾಸ್ಕ್, 5 ಮತ್ತು 10 ಮಿ.ಲೀ. ಪಿಪೆಟ್‌ಗಳು
- 0.01 ಸೆಕೆಂಡು ತೋರಿಸುವ ಸ್ಟಾಪ್‌ವಾಚ್
- ದ್ರಾವಕಕ್ಕೆ ಕರಗದ ಸಿರಿಂಜ್ ಫಿಲ್ಟರ್ ಅಥವಾ ಗಾಜಿನ ಸೋಸು ಕೊಳವೆ
- ಹೀರಲು ರಬ್ಬರ್ ಬುಗ್ಗೆ

ಬಾಯಿಯಿಂದ ಹೀರುವ ಹಳೆಯ ಅಭ್ಯಾಸ ಬೇಡವೇ ಬೇಡ. ಟೊಲುವೀನ್‌ನಂತಹ ದ್ರಾವಕಗಳೊಂದಿಗಿನ ಕೆಲಸವೆಲ್ಲ ಹೊಗೆಗೂಡಿನೊಳಗೆ ನಡೆಯಬೇಕು.

ಆಸ್ಟ್ವಾಲ್ಡ್ ಕೊಳವೆಯೊಂದೇ ಇದ್ದರೂ ಕೆಲಸ ನಡೆಯುತ್ತದೆ. ಆದರೆ ಅದರಲ್ಲಿ ಪ್ರತಿ ಸಲವೂ ಒಂದೇ ಗಾತ್ರದ ದ್ರವ ತುಂಬಬೇಕು, ಪ್ರತಿ ಸಾರತೆಗೂ ಕೊಳವೆಯನ್ನು ತೊಳೆದು ಒಣಗಿಸಬೇಕು. ಉಬ್ಬೆಲೋಡೆಯ ಮೂರನೆಯ ಕೊಳವೆ, ಅಂದರೆ ಗಾಳಿಕೊಳವೆ, ಲೋಮನಾಳದ (ದ್ರವ ಹರಿಯುವ ಅತಿ ಸಣ್ಣ ನಾಳದ) ಕೆಳತುದಿಯನ್ನು ಹೊರಗಿನ ಗಾಳಿಗೆ ತೆರೆದಿಡುತ್ತದೆ. ಹಾಗಾಗಿ ತಳದಲ್ಲಿ ಎಷ್ಟು ದ್ರವವಿದೆ ಎಂಬುದು ಹರಿವಿನ ಕಾಲವನ್ನು ಮುಟ್ಟುವುದಿಲ್ಲ.

## ಹಂತ 1: ಮೊದಲು ಸ್ಥಿರಾಂಕ, ಆಮೇಲೆ ದ್ರಾವಕ

ಬಹುತೇಕರು ಕೈಗೆ ಸಿಕ್ಕ ದ್ರಾವಕದಲ್ಲಿ ಅಳೆದು, ಕೊನೆಯಲ್ಲಿ ಸ್ಥಿರಾಂಕ ಹುಡುಕುತ್ತಾರೆ. ಅದು ತಲೆಕೆಳಗಾದ ಕ್ರಮ. ಸ್ನಿಗ್ಧತೆಯಿಂದ ಅಣುತೂಕಕ್ಕೆ ಹೋಗುವ ಸೇತುವೆ ಮಾರ್ಕ್–ಹೌವಿಂಕ್ ಸಂಬಂಧ:

ಅಂತರ್ಗತ ಸ್ನಿಗ್ಧತೆ = ಕೆ × (ಅಣುತೂಕದ ‘ಎ’ ಘಾತ)

ಅಂತರ್ಗತ ಸ್ನಿಗ್ಧತೆ ಎಂದರೆ ಸಾರತೆ ಸೊನ್ನೆಯತ್ತ ಇಳಿದಾಗ, ಸಾರತೆಯ ಪ್ರತಿ ಏಕಮಾನಕ್ಕೆ ಪಾಲಿಮರ್ ದ್ರಾವಕದ ಸ್ನಿಗ್ಧತೆಯನ್ನು ಎಷ್ಟು ಪಾಲು ಹೆಚ್ಚಿಸುತ್ತದೆ ಎಂಬುದು. ಇಲ್ಲಿನ ‘ಕೆ’ ಮತ್ತು ‘ಎ’ ಪಾಲಿಮರ್‌ನ ಗುಣ ಮಾತ್ರವಲ್ಲ. ಪಾಲಿಮರ್, ದ್ರಾವಕ, ಉಷ್ಣತೆ ಮೂರೂ ಸೇರಿ ಅವನ್ನು ನಿರ್ಧರಿಸುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನ ಟೊಲುವೀನ್‌ನಲ್ಲಿ ಪಾಲಿಸ್ಟೈರೀನ್‌ಗೆ ಕೆ = 0.0075 ಮಿ.ಲೀ./ಗ್ರಾಂ, ಎ = 0.75 ಎಂಬ ಜೋಡಿ ಬಳಕೆಯಲ್ಲಿದೆ. ಅದೇ ಪಾಲಿಮರ್ ಅನ್ನು 34.5 ಡಿಗ್ರಿಯ ಸೈಕ್ಲೋಹೆಕ್ಸೇನ್‌ಗೆ ಹಾಕಿದರೆ ‘ಎ’ 0.5ಕ್ಕೆ ಇಳಿಯುತ್ತದೆ. ಏಕೆಂದರೆ ಅಲ್ಲಿ ಸರಪಳಿ ಬಿಚ್ಚಿಕೊಳ್ಳದೆ ಮುದುಡಿಕೊಂಡಿರುತ್ತದೆ. ಒಳ್ಳೆಯ ದ್ರಾವಕಗಳಲ್ಲಿ ‘ಎ’ ಸಾಮಾನ್ಯವಾಗಿ 0.7ರಿಂದ 0.8ರ ನಡುವೆ ಇರುತ್ತದೆ.

ಕೋಷ್ಟಕದಿಂದ ಜೋಡಿಯನ್ನು ಎತ್ತಿಕೊಳ್ಳುವಾಗ ನಾಲ್ಕು ವಿವರಗಳನ್ನು ಜೊತೆಗೇ ಬರೆದುಕೊಳ್ಳಿ: ದ್ರಾವಕ, ಉಷ್ಣತೆ, ಯಾವ ಅಣುತೂಕದ ವ್ಯಾಪ್ತಿಗೆ ಅದು ಅನ್ವಯಿಸುತ್ತದೆ, ‘ಕೆ’ಯ ಏಕಮಾನ ಯಾವುದು. ನಾಲ್ಕನೆಯದೇ ಹೆಚ್ಚು ಜನರನ್ನು ಕೆಡವಿದೆ. ಕೆಲವು ಕೋಷ್ಟಕಗಳು ಮಿಲಿಲೀಟರ್ ಪ್ರತಿ ಗ್ರಾಂ ಎನ್ನುತ್ತವೆ, ಕೆಲವು ಡೆಸಿಲೀಟರ್ ಪ್ರತಿ ಗ್ರಾಂ. ನಡುವಿನ ವ್ಯತ್ಯಾಸ ನೂರು ಪಟ್ಟು. ‘ಎ’ 0.75 ಆಗಿದ್ದರೆ ಈ ನೂರು ಪಟ್ಟು ಅಣುತೂಕದಲ್ಲಿ ಸುಮಾರು 460 ಪಟ್ಟಾಗಿ ಹೊರಬರುತ್ತದೆ. ಎರಡು ಲಕ್ಷ ಬರಬೇಕಾದಲ್ಲಿ ನಾನೂರ ಚಿಲ್ಲರೆ ಬಂದರೆ, ಇಲ್ಲವೇ ಒಂಬತ್ತು ಕೋಟಿ ಬಂದರೆ, ಬೇರೆಲ್ಲೂ ಹುಡುಕದೆ ನೇರವಾಗಿ ಏಕಮಾನವನ್ನೇ ನೋಡಿ.

## ಹಂತ 2: ಒಣಗಿಸಿ, ತೂಗಿ, ಕಾದು ಕರಗಿಸಿ

ಪಾಲಿಮರ್ ಅನ್ನು ನಿರ್ವಾತ ಒಲೆಯಲ್ಲಿ ತೂಕ ಬದಲಾಗದ ತನಕ ಒಣಗಿಸಿ. ಒಂದು ರಾತ್ರಿ ಇಟ್ಟೆ ಎನ್ನುವುದು ಸಾಕ್ಷ್ಯವಲ್ಲ. ಬೆಳಿಗ್ಗೆ ತೂಗಿ, ಎರಡು ಗಂಟೆ ಬಿಟ್ಟು ಮತ್ತೆ ತೂಗಿ. ಎರಡೂ ಸರಿಹೊಂದಿದರೆ ಮಾತ್ರ ಮುಂದೆ ಹೋಗಿ. ಪಾಲಿವಿನೈಲ್ ಆಲ್ಕೋಹಾಲ್‌ನಂತಹ ನೀರುಪ್ರಿಯ ಪಾಲಿಮರ್‌ಗಳು ತೇವವನ್ನು ಬಿಗಿಯಾಗಿ ಹಿಡಿದಿರುತ್ತವೆ. ಪುಡಿಯಲ್ಲಿ ಶೇಕಡಾ 5ರಷ್ಟು ತೇವ ಉಳಿದಿದ್ದರೆ ನೀವು ಬರೆದ ಸಾರತೆ ನಿಜಕ್ಕಿಂತ ಅಷ್ಟು ಹೆಚ್ಚಾಗಿರುತ್ತದೆ, ಅಣುತೂಕ ಶೇಕಡಾ 6ಕ್ಕಿಂತ ಹೆಚ್ಚು ಕಡಿಮೆ ಬರುತ್ತದೆ. ಗ್ರಾಫ್ ಮಾತ್ರ ಕನ್ನಡಿಯಂತೆ ನೇರವಾಗಿರುತ್ತದೆ, ಏಕೆಂದರೆ ಎಲ್ಲ ಬಿಂದುಗಳೂ ಒಂದೇ ಪ್ರಮಾಣದಲ್ಲಿ ಸರಿದಿರುತ್ತವೆ.

ಉದಾಹರಣೆಗೆ 0.5000 ಗ್ರಾಂ ಪಾಲಿಸ್ಟೈರೀನ್ ತೆಗೆದುಕೊಂಡು 50 ಮಿ.ಲೀ. ಫ್ಲಾಸ್ಕಿಗೆ ಹಾಕಿ, ಮುಕ್ಕಾಲು ಭಾಗ ಟೊಲುವೀನ್ ತುಂಬಿ. ಪಾಲಿಮರ್ ಮೊದಲು ದ್ರಾವಕವನ್ನು ಕುಡಿದು ಉಬ್ಬುತ್ತದೆ, ಆಮೇಲೆ ನಿಧಾನವಾಗಿ ಕರಗುತ್ತದೆ. ಇದಕ್ಕೆ ಒಂದು ಇಡೀ ದಿನ ಬೇಕಾಗಬಹುದು. ಆಗಾಗ ಫ್ಲಾಸ್ಕನ್ನು ಮೆಲ್ಲಗೆ ತಿರುಗಿಸಿದರೆ ಸಾಕು. ಅವಸರಕ್ಕೆ ಬಿದ್ದು ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಇಟ್ಟರೆ ಅಥವಾ ರಭಸವಾಗಿ ಕಲಕಿದರೆ ಉದ್ದ ಸರಪಳಿಗಳು ತುಂಡಾಗುತ್ತವೆ. ಆಗ ನೀವು ಅಳೆಯುವುದು ತಂದ ಪಾಲಿಮರ್ ಅನ್ನಲ್ಲ, ನೀವೇ ಮುರಿದ ಪಾಲಿಮರ್ ಅನ್ನು.

ಪೂರ್ತಿ ಕರಗಿದೆಯೇ ಎಂದು ತಿಳಿಯಲು ಫ್ಲಾಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಪಾರದರ್ಶಕ ಎಳೆಗಳೋ ಲೋಳೆಯ ಉಂಡೆಗಳೋ ತೇಲಿದರೆ ಇನ್ನೂ ಆಗಿಲ್ಲ. ಗಾಜಿಗೂ ಲೋಳೆಗೂ ಬಣ್ಣದ ಭೇದವಿಲ್ಲದ್ದರಿಂದ ಅವಸರದ ಕಣ್ಣು ಇದನ್ನು ತಪ್ಪಿಸಿಕೊಳ್ಳುತ್ತದೆ.

ಗುರುತಿನವರೆಗೆ ತುಂಬುವ ಮುನ್ನ ಫ್ಲಾಸ್ಕ್ ಅಳತೆಯ ಉಷ್ಣತೆಗೆ ಬರಲಿ. ತೊಟ್ಟಿಯಲ್ಲೇ 20 ನಿಮಿಷ ಇಟ್ಟು, ಅಲ್ಲೇ ಗುರುತಿಗೆ ತನ್ನಿ. ಈಗ ಸಾರತೆ 0.0100 ಗ್ರಾಂ/ಮಿ.ಲೀ.

ನಂತರ ಸೋಸಿ, ಮೊದಲ ಎರಡು ಮೂರು ಮಿ.ಲೀ. ಚೆಲ್ಲಿ. ಲೋಮನಾಳಕ್ಕೆ ಒಂದು ಧೂಳಿನ ಕಣ ಸಾಕು, ದಿನದ ಕೆಲಸ ಹಾಳಾಗುತ್ತದೆ. ಸೋಸುವಾಗ ಒತ್ತಡ ಹೆಚ್ಚು ಬೇಕಾದರೆ ಅದು ಎಚ್ಚರಿಕೆಯ ಗುರುತು: ಕರಗದ ಲೋಳೆ ಫಿಲ್ಟರ್‌ನಲ್ಲಿ ಉಳಿಯುತ್ತಿದೆ, ಸಾರತೆ ಇಳಿದಿದೆ. ಆಗ ಸೋಸಿದ ದ್ರಾವಣದ ಗೊತ್ತಾದ ಗಾತ್ರವನ್ನು ಆವಿಯಾಗಿಸಿ, ಉಳಿದದ್ದನ್ನು ತೂಗಿ, ಸಾರತೆಯನ್ನು ಹೊಸದಾಗಿ ಬರೆದುಕೊಳ್ಳಿ. ದ್ರಾವಕವನ್ನೂ ಅದೇ ರೀತಿಯ ಫಿಲ್ಟರ್‌ನಲ್ಲಿ ಸೋಸಬೇಕು. ಇದನ್ನು ಮರೆಯುವವರೇ ಹೆಚ್ಚು.

ಪಾಲಿಮರ್‌ನ ಅಣುತೂಕದ ಅಂದಾಜೇ ಇಲ್ಲದಿದ್ದರೆ 100 ಮಿ.ಲೀ.ಗೆ ಅರ್ಧ ಗ್ರಾಂನಂತೆ ಸ್ವಲ್ಪ ದ್ರಾವಣ ಮಾಡಿ ಒಮ್ಮೆ ಹರಿಸಿ ನೋಡಿ. ದ್ರಾವಣದ ಕಾಲ ದ್ರಾವಕದ ಕಾಲದ 1.2 ಪಟ್ಟಿನಿಂದ 2 ಪಟ್ಟಿನೊಳಗೆ ಇರುವಂತೆ ಸಾರತೆಗಳನ್ನು ಹೊಂದಿಸಿಕೊಳ್ಳಿ.

## ಹಂತ 3: ತೊಟ್ಟಿ ಮತ್ತು ಕೊಳವೆ

ನೀರಿನ ಸ್ನಿಗ್ಧತೆ ಒಂದು ಡಿಗ್ರಿಗೆ ಸುಮಾರು ಶೇಕಡಾ 2ರಷ್ಟು, ಟೊಲುವೀನ್‌ನದು ಸುಮಾರು ಶೇಕಡಾ 1ರಷ್ಟು ಬದಲಾಗುತ್ತದೆ. ತೊಟ್ಟಿ 0.1 ಡಿಗ್ರಿ ಅತ್ತಿತ್ತ ಹೊಯ್ದಾಡಿದರೆ 200 ಸೆಕೆಂಡಿನ ಹರಿವಿನಲ್ಲಿ ನೀರಿಗೆ 0.4 ಸೆಕೆಂಡು, ಟೊಲುವೀನ್‌ಗೆ 0.2 ಸೆಕೆಂಡು ಕೈತಪ್ಪುತ್ತದೆ. ಆದ್ದರಿಂದ 0.02 ಡಿಗ್ರಿಯೊಳಗಿನ ಸ್ಥಿರತೆ ಗುರಿಯಾಗಿರಲಿ.

ಮೇಲಿನ ಬುಡ್ಡೆ ಪೂರ್ತಿ ಮುಳುಗುವಷ್ಟು ನೀರು ತೊಟ್ಟಿಯಲ್ಲಿರಬೇಕು. ಕೊಳವೆ ನೆಟ್ಟಗೆ ನಿಂತಿರಬೇಕು. ತೂಗುದಾರ ಹಿಡಿದು ಎರಡು ಕಡೆಯಿಂದ ನೋಡಿ, ಒಮ್ಮೆ ಬಿಗಿದ ಮೇಲೆ ಅಳತೆ ಮುಗಿಯುವ ತನಕ ಕದಲಿಸಬೇಡಿ.

ಬರಿಯ ದ್ರಾವಕಕ್ಕೆ ಕನಿಷ್ಠ 100 ಸೆಕೆಂಡು, ಸಾಧ್ಯವಾದರೆ 200 ಸೆಕೆಂಡಿನ ಆಸುಪಾಸು ಹಿಡಿಯುವ ಲೋಮನಾಳ ಆರಿಸಿ. ಅದಕ್ಕಿಂತ ಬೇಗ ಹರಿದರೆ ಚಲನಶಕ್ತಿಯ ತಿದ್ದುಪಡಿ ಬೇಕಾಗುತ್ತದೆ, ಬೆರಳಿನ ವಿಳಂಬವೂ ದೊಡ್ಡದಾಗಿ ಕಾಣುತ್ತದೆ.

## ಹಂತ 4: ದ್ರಾವಕದ ಕಾಲ

ಈ ಹಂತಕ್ಕೆ ಯಾರೂ ಸಮಯ ಕೊಡುವುದಿಲ್ಲ. ನನ್ನ ಮಟ್ಟಿಗೆ ಇಡೀ ಅಳತೆ ನಿಂತಿರುವುದು ಇದರ ಮೇಲೆ.

ಒಣಗಿದ, ಶುದ್ಧ ಕೊಳವೆಗೆ ಸೋಸಿದ ದ್ರಾವಕ ಹಾಕಿ 10–15 ನಿಮಿಷ ಕಾಯಿರಿ. ನಂತರದ ಕೈಚಳಕದ ಕ್ರಮ ಹೀಗಿರಲಿ. ಗಾಳಿಕೊಳವೆಯನ್ನು ಬೆರಳಿನಿಂದ ಮುಚ್ಚಿ. ಲೋಮನಾಳದ ಕೊಳವೆಯ ಬಾಯಿಗೆ ಬುಗ್ಗೆಯಿಟ್ಟು, ದ್ರವ ಮೇಲಿನ ಗುರುತು ದಾಟಿ ಪುಟ್ಟ ಬುಡ್ಡೆ ತುಂಬುವ ತನಕ ಹೀರಿ. ಬುಗ್ಗೆ ತೆಗೆದ ಕೂಡಲೇ ಬೆರಳನ್ನು ಗಾಳಿಕೊಳವೆಯಿಂದ ಲೋಮನಾಳದ ಕೊಳವೆಯ ಬಾಯಿಗೆ ಸಾಗಿಸಿ. ಲೋಮನಾಳದ ಕೆಳತುದಿಯಿಂದ ದ್ರವ ಕಳಚಿಕೊಂಡು ಕೆಳಗೆ ಬೀಳುವುದು ಕಣ್ಣಿಗೆ ಕಾಣುತ್ತದೆ. ಕಂಡ ಮೇಲೆಯೇ ಬೆರಳು ತೆಗೆಯಿರಿ. ಗಾಳಿಕೊಳವೆ ಮುಚ್ಚಿದ್ದಾಗಲೇ ಹರಿಯಬಿಟ್ಟರೆ ಉಬ್ಬೆಲೋಡೆಯ ಉಪಯೋಗವೆಲ್ಲ ಹೋಗುತ್ತದೆ, ಕಾಲ ತಳದ ದ್ರವದ ಮಟ್ಟಕ್ಕೆ ಕಟ್ಟುಬೀಳುತ್ತದೆ.

ದ್ರವದ ಬಾಗಿದ ಅಂಚಿನ ತಳಭಾಗ ಮೇಲಿನ ಗುರುತನ್ನು ಮುಟ್ಟಿದಾಗ ಗಡಿಯಾರ ಒತ್ತಿ, ಕೆಳಗಿನ ಗುರುತಿನಲ್ಲಿ ನಿಲ್ಲಿಸಿ. ಎರಡಕ್ಕೂ ಕಣ್ಣು ಗುರುತಿನ ಮಟ್ಟದಲ್ಲೇ ಇರಲಿ. ಮೂರು ಅಳತೆಗಳು 0.2 ಸೆಕೆಂಡಿನೊಳಗೆ ಸೇರಬೇಕು. ಸೇರದಿದ್ದರೆ ಸರಾಸರಿ ತೆಗೆಯಬೇಡಿ, ಕಾರಣ ಹುಡುಕಿ:

- ಕಾಲ ಪ್ರತಿ ಸಲ ಹೆಚ್ಚುತ್ತಿದ್ದರೆ ಲೋಮನಾಳದಲ್ಲಿ ಕಸ ಸೇರುತ್ತಿದೆ. ದ್ರಾವಣದಲ್ಲಿ ಹೀಗಾದರೆ ದ್ರಾವಕ ಆವಿಯಾಗುತ್ತಿರಬಹುದು.
- ಪ್ರತಿ ಸಲ ಕಡಿಮೆಯಾಗುತ್ತಿದ್ದರೆ ದ್ರವ ಇನ್ನೂ ಬೆಚ್ಚಗಾಗುತ್ತಿದೆ. ಇನ್ನೂ ಹತ್ತು ನಿಮಿಷ ಕಾಯಿರಿ.
- ಗೊತ್ತುಗುರಿಯಿಲ್ಲದೆ ಏರಿಳಿದರೆ ಗುಳ್ಳೆ ಸಿಕ್ಕಿಕೊಂಡಿದೆ, ಇಲ್ಲವೇ ತೊಟ್ಟಿಯ ಕಲಕುಯಂತ್ರ ಕೊಳವೆಯನ್ನು ಅದುರಿಸುತ್ತಿದೆ.

ನಮ್ಮ ಉದಾಹರಣೆಯಲ್ಲಿ ದ್ರಾವಕದ ಕಾಲ 200.0 ಸೆಕೆಂಡು ಎಂದಿಟ್ಟುಕೊಳ್ಳೋಣ.

## ಹಂತ 5: ದ್ರಾವಣ ಮತ್ತು ಒಂದೊಂದಾಗಿ ದುರ್ಬಲಗೊಳಿಸುವಿಕೆ

ಕೊಳವೆಯನ್ನು ಖಾಲಿಮಾಡಿ ಪೂರ್ತಿ ಒಣಗಿಸಿ. ಗೋಡೆಗೆ ಅಂಟಿದ 0.3 ಮಿ.ಲೀ. ದ್ರಾವಕ ಉಳಿದರೂ ಮೊದಲ ಸಾರತೆ ಶೇಕಡಾ 3ರಷ್ಟು ತಪ್ಪುತ್ತದೆ, ಕೊನೆಯದು ಶೇಕಡಾ 1ರಷ್ಟು. ಬಿಂದುಗಳು ಸಮನಾಗಿ ಸರಿಯದೆ ಇಳಿಜಾರು ಕೆಡುತ್ತದೆ.

ಪಿಪೆಟ್‌ನಿಂದ 10 ಮಿ.ಲೀ. ದ್ರಾವಣ ಹಾಕಿ, ಉಷ್ಣತೆಗೆ ಬರುವ ತನಕ ಕಾದು, ಮೂರು ಸಲ ಅಳೆಯಿರಿ. ಆಮೇಲೆ ಅದೇ ತೊಟ್ಟಿಯಲ್ಲಿಟ್ಟ ದ್ರಾವಕವನ್ನು 5 ಮಿ.ಲೀ.ನಂತೆ ನಾಲ್ಕು ಸಲ ಸೇರಿಸುತ್ತ, ಪ್ರತಿ ಸಲವೂ ಅಳೆಯುತ್ತ ಹೋಗಿ.

ಸೇರಿಸಿದ ಮೇಲೆ ಕಲಸುವುದರಲ್ಲೇ ಜನ ಎಡವುತ್ತಾರೆ. ತಳದ ಬುಡ್ಡೆಯಲ್ಲಿ ಗಾಳಿಗುಳ್ಳೆ ಬಿಟ್ಟು ಕಲಸಿದರೆ ಸಾಲದು. ಲೋಮನಾಳದಲ್ಲೂ ಮೇಲಿನ ಬುಡ್ಡೆಯಲ್ಲೂ ಹಳೆಯ, ಹೆಚ್ಚು ಸಾರದ ದ್ರಾವಣ ಅಂಟಿಕೊಂಡಿರುತ್ತದೆ. ಹೊಸ ಮಿಶ್ರಣವನ್ನು ಮೂರು ಸಲ ಮೇಲಕ್ಕೆ ಹೀರಿ ಕೆಳಗಿಳಿಸಿ, ಆಮೇಲೆ ಕಾಯಿರಿ. ಕಲಸುವಾಗ ನೊರೆ ಏಳಬಾರದು, ಹನಿ ಹೊರಗೆ ಚಿಮ್ಮಬಾರದು.

ನೀರಿನಲ್ಲಿ ವಿದ್ಯುದಾವೇಶ ಹೊರುವ ಪಾಲಿಮರ್ ಆಗಿದ್ದರೆ, ಉದಾಹರಣೆಗೆ ಸೋಡಿಯಂ ಪಾಲಿಅಕ್ರಿಲೇಟ್, ಬರಿಯ ನೀರಿನಲ್ಲಿ ಅಳೆಯಬೇಡಿ. ದುರ್ಬಲಗೊಳಿಸಿದಂತೆಲ್ಲ ಸರಪಳಿಯ ಆವೇಶಗಳು ಒಂದನ್ನೊಂದು ದೂಡಿ ಸರಪಳಿ ಹಿಗ್ಗುತ್ತದೆ. ಗ್ರಾಫಿನಲ್ಲಿ (ಹಂತ 6) ಹಗ್ಗಿನ್ಸ್ ಗೆರೆ ಇಳಿಯಬೇಕಾದ ಕಡೆ ಮೇಲಕ್ಕೆ ಹಾರುತ್ತದೆ. ಉಪ್ಪು ಬೆರೆಸಿದ ನೀರನ್ನೇ ದ್ರಾವಕವಾಗಿ ಬಳಸಿ, ದುರ್ಬಲಗೊಳಿಸುವುದಕ್ಕೂ ಅದನ್ನೇ ಬಳಸಿ. ಸ್ಥಿರಾಂಕವೂ ಅದೇ ಉಪ್ಪಿನ ಪ್ರಮಾಣದ್ದಾಗಿರಬೇಕು.

## ಹಂತ 6: ಲೆಕ್ಕ

ಪ್ರತಿ ಸಾರತೆಗೂ ಇವನ್ನು ಕಂಡುಹಿಡಿಯಿರಿ:

1. ಸಾಪೇಕ್ಷ ಸ್ನಿಗ್ಧತೆ = ದ್ರಾವಣದ ಕಾಲ ÷ ದ್ರಾವಕದ ಕಾಲ
2. ವಿಶಿಷ್ಟ ಸ್ನಿಗ್ಧತೆ = ಸಾಪೇಕ್ಷ ಸ್ನಿಗ್ಧತೆ − 1
3. ಹಗ್ಗಿನ್ಸ್ ಬಿಂದು = ವಿಶಿಷ್ಟ ಸ್ನಿಗ್ಧತೆ ÷ ಸಾರತೆ
4. ಕ್ರೇಮರ್ ಬಿಂದು = ಸಾಪೇಕ್ಷ ಸ್ನಿಗ್ಧತೆಯ ಸ್ವಾಭಾವಿಕ ಲಾಗ್ ÷ ಸಾರತೆ

ವಿಧಾನ ಅರ್ಥವಾಗಲೆಂದು ನಾನು ಹೊಂದಿಸಿದ ಅಂಕಿಗಳು ಇಲ್ಲಿವೆ:

- ಸಾರತೆ 0.01000: ಕಾಲ 377.3 ಸೆಕೆಂಡು, ಹಗ್ಗಿನ್ಸ್ 88.7, ಕ್ರೇಮರ್ 63.5
- ಸಾರತೆ 0.00667: ಕಾಲ 310.3, ಹಗ್ಗಿನ್ಸ್ 82.7, ಕ್ರೇಮರ್ 65.9
- ಸಾರತೆ 0.00500: ಕಾಲ 279.8, ಹಗ್ಗಿನ್ಸ್ 79.8, ಕ್ರೇಮರ್ 67.2
- ಸಾರತೆ 0.00400: ಕಾಲ 262.4, ಹಗ್ಗಿನ್ಸ್ 78.0, ಕ್ರೇಮರ್ 67.9
- ಸಾರತೆ 0.00333: ಕಾಲ 251.3, ಹಗ್ಗಿನ್ಸ್ 77.0, ಕ್ರೇಮರ್ 68.5

ಎರಡೂ ಸಾಲುಗಳನ್ನು ಒಂದೇ ಗ್ರಾಫಿನಲ್ಲಿ ಸಾರತೆಯ ಎದುರು ಗುರುತಿಸಿ, ಸಾರತೆ ಸೊನ್ನೆಯಾಗುವ ತನಕ ಗೆರೆಗಳನ್ನು ಚಾಚಿ. ಹಗ್ಗಿನ್ಸ್ ಗೆರೆ 71.0ರಲ್ಲಿ, ಕ್ರೇಮರ್ ಗೆರೆ 70.9ರಲ್ಲಿ ಲಂಬಾಕ್ಷವನ್ನು ಮುಟ್ಟುತ್ತವೆ. ಅದೇ ಅಂತರ್ಗತ ಸ್ನಿಗ್ಧತೆ, ಮಿ.ಲೀ./ಗ್ರಾಂನಲ್ಲಿ.

## ಹಂತ 7: ಗೆರೆಗಳನ್ನು ಪ್ರಶ್ನಿಸಿ

ಅಣುತೂಕದ ಲೆಕ್ಕಕ್ಕೆ ಹಾರುವ ಮುನ್ನ ಇಲ್ಲಿ ನಿಲ್ಲಿ. ಎರಡು ಗೆರೆಗಳು ಶೇಕಡಾ 1ರೊಳಗೆ ಸೇರದಿದ್ದರೆ ದ್ರಾವಣ ತೀರಾ ಸಾರವಾಗಿರಬಹುದು, ಇಲ್ಲವೇ ಒಂದೆರಡು ಬಿಂದುಗಳು ಕೆಟ್ಟಿರಬಹುದು.

ಹಗ್ಗಿನ್ಸ್ ಗೆರೆಯ ಇಳಿಜಾರನ್ನು ಅಂತರ್ಗತ ಸ್ನಿಗ್ಧತೆಯ ವರ್ಗದಿಂದ ಭಾಗಿಸಿದರೆ ಹಗ್ಗಿನ್ಸ್ ಸ್ಥಿರಾಂಕ ಸಿಗುತ್ತದೆ. ಇಲ್ಲಿ ಅದು 0.35. ಒಳ್ಳೆಯ ದ್ರಾವಕದಲ್ಲಿ 0.3ರಿಂದ 0.4ರ ನಡುವೆ ಬರುವುದು ಸಹಜ. ಕ್ರೇಮರ್ ಗೆರೆ ಕೆಳಮುಖವಾಗಿದೆ. ಅದರ ಸ್ಥಿರಾಂಕ 0.15. ಎರಡರ ಮೊತ್ತ 0.5ರ ಹತ್ತಿರ ಬರಬೇಕು, ಬಂದಿದೆ. ಹಂತ 5ರಲ್ಲಿ ಹೇಳಿದ 0.3 ಮಿ.ಲೀ. ದ್ರಾವಕ ಉಳಿದುಹೋಗಿದ್ದರೆ ಹಗ್ಗಿನ್ಸ್ ಸ್ಥಿರಾಂಕ 0.28ಕ್ಕೆ ಇಳಿಯುತ್ತಿತ್ತು. ಹಾಗೆಯೇ 0.8ಕ್ಕೂ ಮೇಲೆ ಹೋದರೆ ಸರಪಳಿಗಳು ಗುಂಪುಗೂಡುತ್ತಿವೆ ಎಂದು ಶಂಕಿಸಿ.

ತೀರಾ ಕಡಿಮೆ ಸಾರತೆಯಲ್ಲಿ ಬಿಂದುಗಳು ಕೊಕ್ಕೆಯಂತೆ ಮೇಲಕ್ಕೋ ಕೆಳಕ್ಕೋ ಬಾಗಿದರೆ ಅವುಗಳನ್ನು ನಂಬಬೇಡಿ. ಸಾಪೇಕ್ಷ ಸ್ನಿಗ್ಧತೆ 1.05 ಆದಾಗ 0.2 ಸೆಕೆಂಡಿನ ತಪ್ಪು ಆ ಬಿಂದುವನ್ನು ಶೇಕಡಾ 2ರಷ್ಟು ಕದಲಿಸುತ್ತದೆ. ಪಾಲಿಮರ್ ಗಾಜಿಗೆ ಅಂಟಿಕೊಳ್ಳುವುದೂ ಅಲ್ಲೇ ಎದ್ದು ಕಾಣುತ್ತದೆ.

ಈಗ ಆರಂಭದ ಮಾತಿಗೆ ಬರುತ್ತೇನೆ. ಮೇಲಿನ ಅಂಕಿಗಳಲ್ಲಿ ದ್ರಾವಕದ ಕಾಲವನ್ನು ಮಾತ್ರ 200ರ ಬದಲು 199 ಎಂದು ಬರೆದು ಮತ್ತೆ ಲೆಕ್ಕ ಹಾಕಿ. ಹಗ್ಗಿನ್ಸ್ ಗೆರೆ 73.2ರಲ್ಲಿ, ಕ್ರೇಮರ್ ಗೆರೆ 72.7ರಲ್ಲಿ ಮುಟ್ಟುತ್ತವೆ. ಶೇಕಡಾ 1ರ ಪರೀಕ್ಷೆಯಲ್ಲಿ ಎರಡೂ ಪಾಸಾಗುತ್ತವೆ! ಹಗ್ಗಿನ್ಸ್ ಸ್ಥಿರಾಂಕ 0.30, ಅದೂ ಸಹಜವಾಗಿಯೇ ಕಾಣುತ್ತದೆ. ಅಣುತೂಕ ಮಾತ್ರ ಶೇಕಡಾ 4ರಷ್ಟು ಮೇಲಕ್ಕೆ ಹೋಗಿರುತ್ತದೆ. ತೂಕದ ತಪ್ಪೂ ಹೀಗೆಯೇ, ಗೆರೆಗಳು ಸೇರುವುದನ್ನು ಅದು ಕೆಡಿಸುವುದಿಲ್ಲ, ಹಗ್ಗಿನ್ಸ್ ಸ್ಥಿರಾಂಕವನ್ನೂ ಮುಟ್ಟುವುದಿಲ್ಲ.

## ಹಂತ 8: ಅಣುತೂಕ

71.0 ÷ 0.0075 = 9467. ಇದರ 1 ÷ 0.75 ಘಾತ, ಅಂದರೆ 1.333ನೇ ಘಾತ, ಸುಮಾರು 2,00,000.

ಇದು ಸ್ನಿಗ್ಧತಾ ಸರಾಸರಿ ಅಣುತೂಕ. ಸಾಮಾನ್ಯವಾಗಿ ಇದು ಸಂಖ್ಯಾ ಸರಾಸರಿಗೂ (ಎಲ್ಲ ಸರಪಳಿಗಳನ್ನೂ ಸಮನಾಗಿ ಎಣಿಸಿದ್ದು) ತೂಕ ಸರಾಸರಿಗೂ (ಭಾರದ ಸರಪಳಿಗಳಿಗೆ ಹೆಚ್ಚು ಬೆಲೆ ಕೊಟ್ಟದ್ದು) ನಡುವೆ, ತೂಕ ಸರಾಸರಿಯ ಹತ್ತಿರ ಇರುತ್ತದೆ. ಪರಾಸರಣ ಒತ್ತಡದಿಂದ ಸಂಖ್ಯಾ ಸರಾಸರಿ, ಬೆಳಕಿನ ಚದುರುವಿಕೆಯಿಂದ ತೂಕ ಸರಾಸರಿ ಸಿಗುತ್ತದೆ. ಆ ವಿಧಾನಗಳ ಅಂಕಿ ನಿಮ್ಮದಕ್ಕೆ ಹೊಂದಲಿಲ್ಲ ಎಂದು ಗಾಬರಿಯಾಗಬೇಡಿ, ಉದ್ದ ಗಿಡ್ಡ ಸರಪಳಿಗಳು ಬೆರೆತ ಮಾದರಿಯಲ್ಲಿ ಅವು ಹೊಂದಲೂಬಾರದು. ಕವಲೊಡೆದ ಪಾಲಿಮರ್ ಆಗಿದ್ದರೆ ಸುರುಳಿ ಚಿಕ್ಕದಾಗುವುದರಿಂದ ನೇರ ಸರಪಳಿಯ ಸ್ಥಿರಾಂಕಗಳು ನಿಜಕ್ಕಿಂತ ಕಡಿಮೆ ಅಣುತೂಕ ಕೊಡುತ್ತವೆ.

ಫಲಿತಾಂಶದ ಪಕ್ಕದಲ್ಲೇ ದ್ರಾವಕ, ಉಷ್ಣತೆ, ‘ಕೆ’, ‘ಎ’, ಹಗ್ಗಿನ್ಸ್ ಸ್ಥಿರಾಂಕ ಬರೆಯಿರಿ. ಆರು ಅಂಕಿಗಳ ನಿಖರತೆ ತೋರಿಸಬೇಡಿ. ಅಂತರ್ಗತ ಸ್ನಿಗ್ಧತೆಯ ಶೇಕಡಾ 1ರ ತಪ್ಪು ಅಣುತೂಕದಲ್ಲಿ ಶೇಕಡಾ 1.3 ಆಗುತ್ತದೆ.

## ಹಂತ 9: ತೊಳೆಯುವುದು ಮತ್ತು ಕೊನೆಯ ಅಳತೆ

ಕೊಳವೆ ಖಾಲಿಮಾಡಿದ ತಕ್ಷಣ ಅದೇ ದ್ರಾವಕದಿಂದ ನಾಲ್ಕೈದು ಸಲ ತೊಳೆಯಿರಿ, ಲೋಮನಾಳದ ಮೂಲಕ ಹೀರಿ ಇಳಿಸಿ. ಅಸಿಟೋನ್ ಆಮೇಲೆ. ಪಾಲಿಸ್ಟೈರೀನ್ ದ್ರಾವಣ ಅಂಟಿರುವಾಗಲೇ ಅಸಿಟೋನ್ ಸುರಿದರೆ ಪಾಲಿಮರ್ ಬಿಳಿಯ ಪ್ರಕ್ಷೇಪವಾಗಿ ಲೋಮನಾಳದೊಳಗೇ ಕೂರುತ್ತದೆ. ಪಾಲಿವಿನೈಲ್ ಆಲ್ಕೋಹಾಲ್‌ಗೂ ಇದೇ ಗತಿ, ಅದಕ್ಕೆ ಮೊದಲು ಬಿಸಿನೀರು. ಕೊಳವೆಯನ್ನು ಹಾಗೆಯೇ ಬಿಟ್ಟು ಊಟಕ್ಕೆ ಹೋಗಿ ಬರುವಷ್ಟರಲ್ಲಿ ದ್ರಾವಣ ಒಣಗಿ ಪೊರೆಯಾಗಿರುತ್ತದೆ. ಹಳೆಯ ಕೈಪಿಡಿಗಳು ಹೇಳುವ ಕ್ರೋಮಿಕ್ ಆಮ್ಲವನ್ನು ಬಳಸಬೇಡಿ, ಅದರಲ್ಲಿರುವ ಕ್ರೋಮಿಯಂ ಕ್ಯಾನ್ಸರ್‌ಕಾರಕ.

ಒಣಗಿದ ಮೇಲೆ ಕೊಳವೆಯನ್ನು ಕಪಾಟಿಗೆ ಸೇರಿಸುವ ಮೊದಲು ಮತ್ತೆ ತೊಟ್ಟಿಗೆ ಇಳಿಸಿ, ಸೋಸಿದ ದ್ರಾವಕ ಹಾಕಿ, ಮೂರು ಸಲ ಕಾಲ ಅಳೆಯಿರಿ. ಬೆಳಗಿನ 200.0 ಸೆಕೆಂಡು 0.2ರೊಳಗೆ ಮರಳಿ ಬಂದರೆ ದಿನದ ಅಂಕಿಗಳನ್ನು ಪುಸ್ತಕಕ್ಕೆ ಏರಿಸಿ. 201 ಬಂದರೆ ಇನ್ನೊಮ್ಮೆ ತೊಳೆದು ನೋಡಿ. ಆಗಲೂ ಇಳಿಯದಿದ್ದರೆ, ಇಲ್ಲವೇ ಇಳಿದರೂ ದಿನದ ಯಾವ ಹೊತ್ತಿನಲ್ಲಿ ಕೊಳವೆ ಕೆಟ್ಟಿತೆಂದು ಗೊತ್ತಾಗದಿದ್ದರೆ, ಆ ದಿನದ ಐದೂ ಬಿಂದುಗಳನ್ನು ಅಡ್ಡಗೆರೆ ಎಳೆದು ಬಿಟ್ಟುಬಿಡಿ. ಫ್ಲಾಸ್ಕಿನಲ್ಲಿ ಇನ್ನೂ ಸಾಕಷ್ಟು ದ್ರಾವಣ ಉಳಿದಿರುತ್ತದೆ. ಮುಚ್ಚಳ ಬಿಗಿಯಾಗಿ ಹಾಕಿಟ್ಟು, ನಾಳೆ ಹಂತ 4ರಿಂದ ಮತ್ತೆ ಅಳೆಯಿರಿ.